ಓದದೆ ಸಹಿ ಹಾಕಿದ ಮುಚ್ಚಳಿಕೆ

ದೀಪಾವಳಿಗೆ ಬಂದ ಮಗನ ಬ್ಯಾಗಿನಿಂದ ಒಗೆಯೋ ಬಟ್ಟೆ ತೆಗೆಯುವಾಗ ಮೂರು ಲ್ಯಾಬ್ ರೆಕಾರ್ಡ್ ಸಿಕ್ಕವು. ಮೇಲೆ ಬೇರೆ ಯಾರದೋ ಹೆಸರು, ಐದನೇ ಸೆಮಿಸ್ಟರ್. ನನ್ನ ಮಗ ಇನ್ನೂ ಮೊದಲನೇ ಸೆಮಿಸ್ಟರ್. ತೆರೆದರೆ ಪುಟ ಪುಟವೂ ಅವನದೇ ಅಕ್ಷರ. ಕೈ ಹಿಡಿದು ತಿದ್ದಿಸಿದವಳು ನಾನು, ನನಗೆ ಗೊತ್ತಾಗದೆ ಇರುತ್ತಾ?

"ಫ್ರೆಂಡ್ಸ್‌ಗೆ ಹೆಲ್ಪ್ ಮಾಡ್ತಿದೀನಮ್ಮ" ಅಂದ. ಮಾರನೇ ದಿನ ಅಭ್ಯಂಜನಕ್ಕೆ ತಲೆಗೆ ಎಣ್ಣೆ ಒತ್ತುವಾಗ ಬಾಯಿ ಬಿಟ್ಟ. ದಿನಾ ರಾತ್ರಿ ಹಾಸ್ಟೆಲ್ ಮೆಸ್ಸಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಪರಿಚಯ ಹೇಳಬೇಕು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ಹುಡುಗ. ತಡವರಿಸಿದ ಮಾತನ್ನೇ ಸೀನಿಯರ್‌ಗಳು ಹತ್ತು ಸಲ ಹೇಳಿಸಿ ನಗುತ್ತಿದ್ದರಂತೆ. ಆಮೇಲೆ ರಾತ್ರಿ ಎರಡರವರೆಗೆ ಅವರ ರೆಕಾರ್ಡ್ ಬರೆಯೋದು. ಅಷ್ಟು ತಿಂಗಳೂ ಪ್ರತಿ ಭಾನುವಾರ ನಾನು ಫೋನಿನಲ್ಲಿ ಕೇಳಿದ್ದು "ಊಟ ಆಯ್ತಾ, ಚೆನ್ನಾಗಿ ಓದ್ತಿದೀಯಾ" ಇಷ್ಟೇ. ಎರಡಕ್ಕೂ ಹೂಂ ಅಂತಿದ್ದ.

ಅಡ್ಮಿಷನ್ ದಿನ ಕೌಂಟರಿನವರು ಪೆನ್ಸಿಲ್ ಗುರುತು ಹಾಕಿಕೊಟ್ಟ ಕಡೆಯೆಲ್ಲ ಸಹಿ ಹಾಕಿ ಬಂದಿದ್ದೆವು. ಅದರಲ್ಲಿ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯೂ ಇತ್ತು, ಮಗನದೊಂದು, ಪೋಷಕರದೊಂದು. ಅದರ ಹಿಂದಿರುವ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2009ರ ನಿಯಮವನ್ನು ಹಬ್ಬದ ರಾತ್ರಿ ಕೂತು ಓದಿದೆ. ತಮ್ಮ ಓದಿನ ಕೆಲಸವನ್ನು ಜೂನಿಯರ್ ಕೈಲಿ ಮಾಡಿಸಿಕೊಂಡರೆ ಅದು ರ‍್ಯಾಗಿಂಗ್. 2016ರ ತಿದ್ದುಪಡಿ ಪ್ರಕಾರ ಭಾಷೆ, ಹುಟ್ಟಿದೂರು, ಜಾತಿ, ಬಣ್ಣ, ಮನೆಯ ಹಣಕಾಸು ಹಿಡಿದು ಹಿಂಸಿಸುವುದು, ಗುಂಪಿನಿಂದ ದೂರ ಇಡುವುದು ಕೂಡ ರ‍್ಯಾಗಿಂಗ್. ಹೊಡೆದರೆ ಮಾತ್ರ ಅಂತ ನಾನು ತಿಳಿದಿದ್ದೆ.

"ನೀನು ಬಂದ್ರೆ ಇನ್ನೂ ಜಾಸ್ತಿ ಆಗುತ್ತಮ್ಮ" ಅಂತ ಅವನು ಬೇಡಿಕೊಂಡ. ಆ ಭಯ ಸುಳ್ಳಲ್ಲ, ಅದಕ್ಕೇ ಎರಡು ದಿನ ಸುಮ್ಮನಿದ್ದೆ. ಆಮೇಲೆ ಅವನನ್ನೇ ಒಪ್ಪಿಸಿ ಹೋದೆವು. ವಾರ್ಡನ್ ಹೇಳಿದ್ದು: "ಹಾಸ್ಟೆಲ್ ಅಂದ್ಮೇಲೆ ಇದೆಲ್ಲ ಇರುತ್ತೆ ಮೇಡಂ, ಹುಡುಗ ಗಟ್ಟಿ ಆಗ್ತಾನೆ." ಆಚೆ ಬಂದು ಅಲ್ಲೇ ಮರದ ಕೆಳಗೆ ನಿಂತು 1800-180-5522ಕ್ಕೆ ಫೋನ್ ಮಾಡಿದೆ. ರ‍್ಯಾಗಿಂಗ್ ಸಹಾಯವಾಣಿ, ದಿನದ 24 ಗಂಟೆ, ದುಡ್ಡಿಲ್ಲ. ದೂರು ಪ್ರಿನ್ಸಿಪಾಲರ ಮೇಜಿಗೆ ಹೋದ ಮೇಲೆ ಅವನ ರೂಮು ಬದಲಾಯಿತು, ಮೆಸ್ಸಿನ ಆ ಪರಿಚಯ ನಿಂತಿತು. ಆ ಹುಡುಗರು ಈಗಲೂ ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಾರಂತೆ.

ರೂಮು ಬದಲಾದ ಮಾತ್ರಕ್ಕೆ ಅವನಿಗೆ ನಿದ್ದೆ ಬರಲಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಇದೆಯಲ್ಲ, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರಿಂದ ನಡೀತಿರೋದು, ಅದಕ್ಕೆ ಅವನೇ ಮಾಡಿದ. ಕನ್ನಡದಲ್ಲೇ ಮಾತಾಡಿದರಂತೆ. ನನಗೆ ಹೇಳದ ಎಷ್ಟೋ ಮಾತು ಅಲ್ಲಿ ಹೇಳಿದಾನೆ. ಹೇಳಲಿ. ಹೆಣ್ಣುಮಕ್ಕಳ ತಂದೆ-ತಾಯಿ ಲೈಂಗಿಕ ಕಿರುಕುಳದ ದೂರು ಕೇಳುವ ಕಾಲೇಜಿನ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ ಅಂತ ಅಡ್ಮಿಷನ್ ದಿನವೇ ಕೇಳಿ. ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು, ಮಕ್ಕಳಿಗೆ ಇದು ಗೊತ್ತಿರೋದೇ ಇಲ್ಲ.

ಇನ್ನೊಂದು ವಿಷಯ. ಮೊದಲ ಮೂರು ತಿಂಗಳು ಪ್ರತಿ ಹದಿನೈದು ದಿನಕ್ಕೊಮ್ಮೆ ಫಸ್ಟ್ ಇಯರ್ ಮಕ್ಕಳಲ್ಲಿ ಕಿರುಕುಳ ಇದೆಯಾ ಅಂತ ಗುಟ್ಟಾಗಿ ಸಮೀಕ್ಷೆ ಮಾಡಬೇಕು ಅಂತ ಅದೇ 2009ರ ನಿಯಮದಲ್ಲಿದೆ. ನನ್ನ ಮಗನ ಕೈಗೆ ಅಂಥ ಒಂದು ಹಾಳೆಯೂ ಬಂದಿಲ್ಲ. ಮುಂದಿನ ಪೋಷಕರ ಸಭೆಗೆ ಆ ನಿಯಮದ ಪ್ರತಿ ತೆಗೆದುಕೊಂಡು ಹೋಗ್ತಿದೀನಿ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಇದನ್ನು ಮಾಡಿದಾರಾ ಅಂತ ಇವತ್ತೇ ಫೋನ್ ಮಾಡಿ ಕೇಳಿ, ಇಲ್ಲಿ ಬರೆಯಿರಿ.