ಲ್ಯಾಡರ್ ಬಿಡಬೇಡಿ

ಲ್ಯಾಡರ್ (ಸರ್ಕ್ಯೂಟ್ ಚಿತ್ರದಂತೆ ಬರೆಯುವ ಪ್ರೋಗ್ರಾಮ್ ಭಾಷೆ) ಹಳೆಯದಾಯ್ತು, ಪಿಎಲ್‌ಸಿಗೆ (ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಸ್ಟ್ರಕ್ಚರ್ಡ್ ಟೆಕ್ಸ್ಟ್ (ಅಕ್ಷರದಲ್ಲಿ ಬರೆಯುವ ಭಾಷೆ) ಕಲಿತರೆ ಸಾಕು ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಲೆಕ್ಕಾಚಾರ, ಲೂಪ್ ಜಾಸ್ತಿ ಇದ್ದರೆ ಟೆಕ್ಸ್ಟೇ ಸರಿ. ಆದರೆ ರಾತ್ರಿ ಪಾಳಿಯಲ್ಲಿ ಕನ್ವೇಯರ್ ನಿಂತರೆ ಲ್ಯಾಪ್‌ಟಾಪ್ ಹಿಡಿದು ಬರುವುದು ಎಲೆಕ್ಟ್ರಿಷಿಯನ್. ಪಿಎಲ್‌ಸಿಗೆ ಜೋಡಿಸಿ ಆನ್‌ಲೈನ್ ಹೋದ ಕೂಡಲೇ ಯಾವ ಕಾಂಟ್ಯಾಕ್ಟ್‌ನಲ್ಲಿ (ಚಿತ್ರದಲ್ಲಿನ ಸ್ವಿಚ್ ಗುರುತು) ಸಿಗ್ನಲ್ ನಿಂತಿದೆ ಅಂತ ಲ್ಯಾಡರ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ಪಿಎಲ್‌ಸಿ ಭಾಷೆಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61131-3ರಲ್ಲಿ ಎರಡೂ ಇವೆ, ಒಂದೇ ಪ್ರಾಜೆಕ್ಟ್‌ನಲ್ಲಿ ಎರಡನ್ನೂ ಬಳಸಬಹುದು.

ಹೊಸಬರು ಕೋಡೆಸಿಸ್ ಎಂಬ ಪಿಎಲ್‌ಸಿ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ, ಸಿಮ್ಯುಲೇಶನ್ ಇದೆ, ಹಾರ್ಡ್‌ವೇರ್ ಬೇಡ. ಒಂದು ವಿಷಯ ಗಮನದಲ್ಲಿರಲಿ. ಸ್ಟಾಪ್ ಬಟನ್‌ಗೆ ಎನ್‌ಸಿ (ಒತ್ತದಿದ್ದಾಗ ಕರೆಂಟ್ ಹರಿಯುವ) ವೈರಿಂಗ್ ಮಾಡುತ್ತೇವೆ, ವೈರ್ ತುಂಡಾದರೂ ಮೋಟಾರ್ ನಿಲ್ಲಬೇಕು ಅಲ್ವಾ? ಅಂದರೆ ಬಟನ್ ಒತ್ತದಿದ್ದಾಗ ಅದರ ಇನ್‌ಪುಟ್ 1. ಹಾಗಾಗಿ ಪ್ರೋಗ್ರಾಮ್‌ನಲ್ಲಿ ಅದಕ್ಕೆ ಎನ್‌ಒ (ಇನ್‌ಪುಟ್ 1 ಇದ್ದಾಗ ಸಿಗ್ನಲ್ ಬಿಡುವ) ಕಾಂಟ್ಯಾಕ್ಟ್ ಹಾಕಬೇಕು. ಸಿಮ್ಯುಲೇಶನ್‌ನಲ್ಲಿ ಆ ಇನ್‌ಪುಟ್ ಮೊದಲಿಗೆ 0 ಇರುತ್ತದೆ. ಅದನ್ನು 1 ಮಾಡಿದ ಮೇಲೇ ಸ್ಟಾರ್ಟ್ ಒತ್ತಿ.