ನಿಂತಲ್ಲೇ ಬೀಳುವವನು

ಸೈಕಲ್ ಓಡಿಸುವಾಗ ನಾನು ಒಂದು ಸಲವೂ ಬಿದ್ದಿಲ್ಲ. ಇದನ್ನು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಮೊಣಕಾಲು, ಮೊಣಕೈ, ಅಂಗೈ ಎಲ್ಲ ಕಡೆ ಗುರುತು ಇದೆಯಲ್ಲ, ಅದೇನು ಹಾಗಾದರೆ ಎಂದು ಕೇಳುತ್ತಾರೆ. ಬಿದ್ದಿರುವುದು ನಿಜ. ಆದರೆ ಓಡಿಸುವಾಗ ಅಲ್ಲ, ನಿಂತಾಗ.

ನಾನು ಹೋಗುವುದು ದೊಡ್ಡ ರಸ್ತೆಗೂ ಅಲ್ಲ. ಮನೆ ಹಿಂದಿನ ಒಳದಾರಿ ಹಿಡಿಯುತ್ತೇನೆ. ಸ್ವಲ್ಪ ದೂರ ಹೋದ ಮೇಲೆ ಅದರ ಟಾರು ಮುಗಿದು ಮಣ್ಣುದಾರಿ ಆಗುತ್ತದೆ. ಮಣ್ಣುದಾರಿ ಸಣ್ಣಗಾಗಿ ಕಾಲುದಾರಿ ಆಗುತ್ತದೆ. ಇನ್ನೇನು ಅದೂ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ರಸ್ತೆ ಸಿಗುತ್ತದೆ. ಅಲ್ಲಿಂದ ಮನೆಗೆ. ‘ಹೀಗೆ ಹೋಗಿ ಹಾಗೆ ಬಂದೆ’ ಎಂದು ಹೇಳಿ ಹೊರಡುವಷ್ಟು ಸಣ್ಣ ಸುತ್ತು. ಹೀಗೆ ಹೋಗುವುದರಲ್ಲಿ ಎಂದೂ ತೊಂದರೆ ಆಗಿಲ್ಲ. ಹಾಗೆ ಬರುವುದೇ ಕಷ್ಟ.

ಒಂದು ಸಂಜೆ ಕಾಲುದಾರಿಯಲ್ಲಿ ಎದುರಿನಿಂದ ಒಬ್ಬ ಅಜ್ಜ ನಡೆದು ಬರುತ್ತಿದ್ದರು. ದಾರಿ ಒಬ್ಬರಿಗೆ ಮಾತ್ರ ಸಾಕಾಗುವಷ್ಟಿತ್ತು. ಹಿರಿಯರು ಮೊದಲು ಹೋಗಲಿ ಎಂದು ನಾನು ಬ್ರೇಕ್ ಹಿಡಿದು, ಪಕ್ಕಕ್ಕೆ ಸರಿದು, ಎಡಗಾಲು ಕೆಳಗಿಟ್ಟೆ. ಕಾಲು ಕೆಳಗೆ ಹೋಯಿತು. ಇನ್ನೂ ಹೋಯಿತು. ನೆಲ ಮಾತ್ರ ಸಿಗಲಿಲ್ಲ. ಅಲ್ಲೊಂದು ಸಣ್ಣ ಚರಂಡಿ ಹುಲ್ಲು ಹೊದ್ದುಕೊಂಡು ಮಲಗಿತ್ತು. ಕಡಿದ ಮರ ಉರುಳುತ್ತದಲ್ಲ, ಹಾಗೆ ನಿಧಾನವಾಗಿ, ಒಂದು ಗಾಂಭೀರ್ಯದಿಂದ ಉರುಳಿದೆ. ಸೈಕಲ್ಲು ನನ್ನ ಮೇಲೆ ಬಂತು. ಬೆಲ್ ತನ್ನಷ್ಟಕ್ಕೆ ತಾನೇ ಒಮ್ಮೆ ಟಿಣ್ ಅಂದಿತು.

ಅಜ್ಜ ಓಡಿ ಬರಲಿಲ್ಲ. ಗಾಬರಿಯೂ ಆಗಲಿಲ್ಲ. ಹತ್ತಿರ ಬಂದು ಬಗ್ಗಿ ನೋಡಿದರು. ಅವರ ಮುಖದಲ್ಲಿ ಇದ್ದದ್ದು ಶುದ್ಧ ಆಶ್ಚರ್ಯ.

‘ನಿಂತಿದ್ಯಲ್ಲಪ್ಪಾ?’ ಅಂದರು.

‘ಹೌದು ಅಜ್ಜಾ, ನಿಂತಿದ್ದೆ’ ಅಂದೆ.

‘ಮತ್ತೆ?’

ಈ ‘ಮತ್ತೆ?’ಗೆ ಉತ್ತರ ಹುಡುಕುತ್ತಾ ನಾನು ಸುಮಾರು ಓದಿಕೊಂಡಿದ್ದೇನೆ. ಮಾನ ಉಳಿಸಿಕೊಳ್ಳಲು ಮನುಷ್ಯ ವಿಜ್ಞಾನವನ್ನೂ ಓದುತ್ತಾನೆ. ಸೈಕಲ್ಲು ಎಡಕ್ಕೆ ವಾಲಿದರೆ ಮುಂದಿನ ಚಕ್ರವೂ ಎಡಕ್ಕೇ ತಿರುಗುತ್ತದೆ. ಚಕ್ರಗಳು ಓಡಿ ಹೋಗಿ ಬೀಳುತ್ತಿರುವವನ ಕೆಳಗೆ ನಿಲ್ಲುತ್ತವೆ. ಬಲಕ್ಕೆ ವಾಲಿದರೆ ಬಲಕ್ಕೆ. ಅಂದರೆ ಸೈಕಲ್ ಸವಾರಿ ಎಂದರೆ ಕ್ಷಣಕ್ಕೊಮ್ಮೆ ಬೀಳಲು ಶುರು ಮಾಡುವುದು, ಪೂರ್ತಿ ಬೀಳುವುದರೊಳಗೆ ಮುಂದಕ್ಕೆ ಹೋಗಿಬಿಡುವುದು. ಇದಕ್ಕೆ ವೇಗ ಬೇಕು. ನಿಂತರೆ ಚಕ್ರ ಎಲ್ಲಿಗೆ ಓಡಬೇಕು? ಹಾಗಾಗಿ ನಿಂತಾಗ ಬೀಳುವುದೇ ಸಹಜ, ಅಜ್ಜಾ. ಓಡುವಾಗ ಬೀಳುವವರೇ ವಿಚಿತ್ರ. ಇದನ್ನು ಅಂದೇ ಹೇಳಬೇಕಿತ್ತು. ಅಂದು ಬಾಯಿಯಲ್ಲಿ ಹುಲ್ಲಿತ್ತು.

ಇದಕ್ಕಿಂತ ನೋವಿನ ವಿಷಯ ಇನ್ನೊಂದಿದೆ. ಸೈಕಲ್ಲಿಗೆ ಈ ಕೆಲಸಕ್ಕೆ ನಾವು ಬೇಕಾಗಿಯೇ ಇಲ್ಲ. ಸಾಕಷ್ಟು ವೇಗದಲ್ಲಿ ತಳ್ಳಿ ಬಿಟ್ಟರೆ ಖಾಲಿ ಸೈಕಲ್ಲು ತನ್ನಷ್ಟಕ್ಕೆ ತಾನು ನೆಟ್ಟಗೆ ಓಡುತ್ತದೆ. ಚಕ್ರ ಬುಗುರಿಯ ಹಾಗೆ ತಿರುಗುವುದರಿಂದಲೇ ಹೀಗಾಗುತ್ತದೆ ಎಂದು ತುಂಬಾ ಜನ ತಿಳಿದಿದ್ದರು. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಆ ಬುಗುರಿ ಗುಣವನ್ನೇ ರದ್ದು ಮಾಡುವಂತೆ, ಉಲ್ಟಾ ತಿರುಗುವ ಇನ್ನೊಂದು ಜೊತೆ ಚಕ್ರ ಸೇರಿಸಿ ಒಂದು ವಿಚಿತ್ರ ಸೈಕಲ್ ಮಾಡಿದರು. ಅದೂ ಬೀಳದೆ ಓಡಿತು.

ನನಗೆ ಇದಕ್ಕೆ ಪ್ರಯೋಗಾಲಯ ಬೇಕಾಗಲಿಲ್ಲ. ಒಂದು ಇಳಿಜಾರಿನ ತಲೆಯಲ್ಲಿ ಇಳಿದು, ಸೈಕಲ್ಲನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದು ಸೂರ್ಯಾಸ್ತದ ಫೋಟೋ ಹೊಡೆಯುತ್ತಿದ್ದೆ. ಯಾವಾಗ ಕೈ ಬಿಟ್ಟೆನೋ ಗೊತ್ತಿಲ್ಲ. ನೋಡಿದರೆ ಸೈಕಲ್ಲು ಹೊರಟಿದೆ. ಮೊದಲು ಸ್ವಲ್ಪ ಅತ್ತಿತ್ತ ಆಯಿತು. ಆಮೇಲೆ ವೇಗ ಸಿಕ್ಕಿತು ನೋಡಿ, ಏನು ಠೀವಿ! ಸೀಟು ಖಾಲಿ, ಹ್ಯಾಂಡಲ್ ಖಾಲಿ, ಜಲ್ಲಿಕಲ್ಲು ತಪ್ಪಿಸಿಕೊಂಡು, ನಾನು ದಿನಾ ಇಳಿದು ತಳ್ಳಿಕೊಂಡು ಹೋಗುವ ಜಾಗವನ್ನು ಸಲೀಸಾಗಿ ದಾಟಿತು. ಹಿಂದೆ ನಾನು ಓಡುತ್ತಿದ್ದೆ. ತಿರುವಿನಲ್ಲಿ ಅದು ತಿರುಗಲಿಲ್ಲ. ನೇರ ಹೋಗಿ ಪೊದೆಯೊಳಗೆ ಸೇರಿಕೊಂಡಿತು. ಆದರೂ ಬೀಳಲಿಲ್ಲ, ಪೊದೆಗೆ ಒರಗಿ ನಿಂತಿತ್ತು. ಅಷ್ಟು ಚೆನ್ನಾಗಿ ಅದು ನನ್ನನ್ನು ಕೂರಿಸಿಕೊಂಡು ಯಾವತ್ತೂ ಓಡಿರಲಿಲ್ಲ. ಇಷ್ಟು ದಿನ ನಾನು ಅದರ ಮೇಲೆ ಸವಾರನಾಗಿ ಅಲ್ಲ, ಲಗೇಜ್ ಆಗಿ ಹೋಗುತ್ತಿದ್ದೆ ಎಂದು ಅವತ್ತು ಗೊತ್ತಾಯಿತು.

ಕಲ್ಲಿನ ವಿಷಯಕ್ಕೆ ಬರೋಣ. ನಮ್ಮ ಮಣ್ಣುದಾರಿಯಲ್ಲಿ ಒಂದು ಕಡೆ ಎರಡು ಎತ್ತಿನಗಾಡಿ ಅಕ್ಕಪಕ್ಕ ಹೋಗುವಷ್ಟು ಜಾಗವಿದೆ. ಅಷ್ಟಗಲದಲ್ಲಿ ಒಂದೇ ಒಂದು ಕಲ್ಲು. ದೂರದಿಂದಲೇ ಕಾಣುತ್ತದೆ. ‘ಆ ಕಲ್ಲಿಗೆ ಹೋಗಬಾರದು’ ಎಂದು ಅದನ್ನೇ ದಿಟ್ಟಿಸುತ್ತೇನೆ. ಸೈಕಲ್ಲು ಕಣ್ಣು ಹೋದ ಕಡೆ ಹೋಗುವ ಪ್ರಾಣಿ. ನಾನು ಕಲ್ಲನ್ನು ನೋಡಿದೆ, ಸೈಕಲ್ಲು ಅದನ್ನು ವಿಳಾಸ ಎಂದುಕೊಂಡಿತು. ಕಲ್ಲಿನ ಪಕ್ಕದ ಖಾಲಿ ಜಾಗ ನೋಡಬೇಕು ಅನ್ನುತ್ತಾರೆ ಬಲ್ಲವರು. ಭಯ ಇರುವುದು ಕಲ್ಲಿನ ಮೇಲೆ, ಖಾಲಿ ಜಾಗವನ್ನು ಯಾರು ನೋಡುತ್ತಾರೆ? ಢಣ್ ಎಂದು ಹೊಡೆಯಿತು. ಗಮನಿಸಿ, ಹೊಡೆದಾಗ ನಾನು ಬೀಳಲಿಲ್ಲ. ಸೈಕಲ್ಲು ನಿಂತಿತು. ‘ಅಬ್ಬಾ, ಬೀಳಲಿಲ್ಲ’ ಎಂದು ಉಸಿರು ಬಿಟ್ಟೆ. ಆಮೇಲೆ ಬಿದ್ದೆ.

ಟೈರಿನಲ್ಲಿ ಗಾಳಿ ಕಡಿಮೆ ಇದ್ದುದರಿಂದ ಆ ಏಟಿಗೆ ಟ್ಯೂಬು ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗಿತ್ತು, ಹಾವು ಕಚ್ಚಿದ ಹಾಗೆ. ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಡನ್‌ಲಪ್ ಪಶುವೈದ್ಯರಾಗಿದ್ದರು. 1888ರಲ್ಲಿ ಮಗನ ಮೂರು ಚಕ್ರದ ಗಾಡಿ ಕುಲುಕಾಡಬಾರದು ಎಂದು ಮಾಡಿದ ಉಪಾಯ ಅದು. ಅಪ್ಪನ ಪ್ರೀತಿ ಅರ್ಥವಾಗುತ್ತದೆ. ಆದರೆ ಪಂಕ್ಚರ್ ಕೂಡ ಅವತ್ತೇ ಹುಟ್ಟಿತು ಎಂಬುದನ್ನು ಮರೆಯಬಾರದು.

ನನ್ನ ಬಳಿ ಬದಲಿ ಟ್ಯೂಬ್ ಇರುತ್ತದೆ. ಪಂಪು ಇರುತ್ತದೆ. ಬರೀ ಒಂದು ಸಣ್ಣ ಸಮಸ್ಯೆ. ಟ್ಯೂಬಿನ ವಾಲ್ವ್ ಸಣ್ಣ ಮೂತಿಯದು, ಪಂಪಿನ ಬಾಯಿ ದಪ್ಪ ಮೂತಿಯದು. ಎರಡೂ ಬೇರೆ ಬೇರೆ ಜಾತಿ. ಎರಡು ವರ್ಷ ಒಂದೇ ಚೀಲದಲ್ಲಿ ಒಟ್ಟಿಗೆ ಓಡಾಡಿದ್ದರೂ ಅವುಗಳಿಗೆ ಪರಸ್ಪರ ಪರಿಚಯವಾಗಿರಲಿಲ್ಲ. ಅವತ್ತು ಮನೆಯವರೆಗೂ ತಳ್ಳಿದೆ. ತಳ್ಳುವಾಗ ಯಾರೂ ಬೀಳುವುದಿಲ್ಲ ಅಂದುಕೊಂಡಿರಾ? ಪೆಡಲ್ ಹಿಂದಿನಿಂದ ಮೀನಖಂಡಕ್ಕೆ ಬಡಿಯುತ್ತಲೇ ಇತ್ತು. ಬಿದ್ದಿದ್ದರೆ ವಾಸಿ ಅನ್ನಿಸಿತು.

ಇನ್ನೊಂದು ಸಲ ಮುಳ್ಳು ಚುಚ್ಚಿತು. ಈ ಬಾರಿ ಎಲ್ಲ ಸರಿಯಾಗಿತ್ತು. ಹೊಸ ಟ್ಯೂಬ್ ಹಾಕಿ, ಗಾಳಿ ಹೊಡೆದು, ಕೈ ಒರೆಸಿಕೊಂಡು, ಹೆಮ್ಮೆಯಿಂದ ಹತ್ತಿ ಕೂತೆ. ನೂರು ಮೀಟರ್ ಹೋಗುವಷ್ಟರಲ್ಲಿ ಸುಯ್ ಅಂದಿತು. ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯಬೇಕಿತ್ತಲ್ವಾ? ಅದನ್ನು ಒಳಗೇ ಬಿಟ್ಟು, ಅದಕ್ಕೆ ಹೊಸ ಟ್ಯೂಬನ್ನು ಕೈಯಾರೆ ಒಪ್ಪಿಸಿದ್ದೆ.

ಈಗ ಪ್ಯಾಂಟಿನ ಕಥೆ. ಇದನ್ನು ಹೇಳಲು ನನಗೆ ಇಷ್ಟವಿಲ್ಲ, ಆದರೆ ಎಲ್ಲಕ್ಕಿಂತ ಚೆನ್ನಾಗಿರುವುದು ಇದೇ.

ಬಲಗಾಲಿನ ಪ್ಯಾಂಟಿನ ತುದಿಯನ್ನು ಮಡಚಿಕೊಳ್ಳಬೇಕು ಎಂಬುದು ಸೈಕಲ್ ಕಲಿತ ದಿನದಿಂದ ಗೊತ್ತು. ಅವತ್ತು ಮಡಚಿರಲಿಲ್ಲ. ‘ಹೀಗೆ ಹೋಗಿ ಹಾಗೆ ಬರುವುದು ತಾನೆ’ ಎಂಬ ಧೈರ್ಯ. ಅರ್ಧ ದಾರಿಯಲ್ಲಿ ಕಾಲನ್ನು ಯಾರೋ ಮೆಲ್ಲಗೆ ಎಳೆದ ಹಾಗಾಯಿತು. ನೋಡಿದರೆ ಪ್ಯಾಂಟಿನ ತುದಿ ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಹೋಗಿದೆ. ಇನ್ನರ್ಧ ಸುತ್ತು ತುಳಿದೆ. ಇನ್ನಷ್ಟು ನುಂಗಿತು. ಪೆಡಲ್ ನಿಂತೇ ಹೋಯಿತು. ಸೈಕಲ್ಲು ಮಾತ್ರ ಹೋಗುತ್ತಿದೆ.

ಇಲ್ಲಿ ಪರಿಸ್ಥಿತಿಯನ್ನು ನೀವು ಅರ್ಥ ಮಾಡಿಕೊಳ್ಳಬೇಕು. ತುಳಿಯುವ ಹಾಗಿಲ್ಲ. ಬಲಗಾಲು ಇಳಿಸುವ ಹಾಗಿಲ್ಲ. ವೇಗ ಕಡಿಮೆಯಾಗುತ್ತಿದೆ. ವೇಗ ಮುಗಿದ ಕ್ಷಣ ಬೀಳುತ್ತೇನೆ, ಅದು ಖಚಿತ. ಬೀಳಲು ಇನ್ನೂ ಹದಿನೈದು ಸೆಕೆಂಡ್ ಸಮಯವಿದೆ. ಇಷ್ಟು ಮುಂಚಿತವಾಗಿ ತಿಳಿಸಿ ಬರುವ ಅಪಘಾತ ಬೇರೆ ಇದೆಯೇ? ಎಡಗಡೆ ಮೆತ್ತನೆ ಮರಳು, ಬಲಗಡೆ ಕೆಸರು. ಎಡಕ್ಕೆ ಬಿದ್ದರೆ ಎಡಗಾಲು ಊರಬಹುದು, ಬೀಳುವುದೇ ಬೇಡ. ಲೆಕ್ಕ ಪಕ್ಕಾ ಇತ್ತು. ಎಡಕ್ಕೆ ವಾಲಿದೆ. ಎಡಗಾಲು ಚಾಚಿದೆ. ನಾನು ಎಡಕ್ಕೆ ವಾಲಿದ್ದು ನೋಡಿ ಸೈಕಲ್ಲು ತನ್ನ ವಿಜ್ಞಾನದ ಪ್ರಕಾರ ಎಡಕ್ಕೆ ತಿರುಗಿ, ಪಾಪ, ನನ್ನನ್ನು ಎತ್ತಿ ನಿಲ್ಲಿಸಿತು. ಅದರ ಕೊನೆಯ ಉಪಕಾರ. ಆಮೇಲೆ ಬಲಕ್ಕೆ ಬಿದ್ದೆವು.

ಕೆಸರಿನಲ್ಲಿ ಕೂತು ಹಿಂದಿನ ಚಕ್ರ ಎತ್ತಿ, ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಬಟ್ಟೆ ಬಿಟ್ಟುಕೊಡುತ್ತದೆ. ಅದು ಗೊತ್ತಾಗಿದ್ದು ಪ್ಯಾಂಟು ಹರಿದ ಮೇಲೆ. ಈಚೆಗೆ ಗೆಳೆಯರೊಬ್ಬರು ‘ಶೂ ಕಚ್ಚಿ ಹಿಡಿದುಕೊಳ್ಳುವ ಪೆಡಲ್ ಬರುತ್ತೆ, ಹಾಕಿಸಿಕೊಳ್ಳಿ, ತುಳಿತ ಚೆನ್ನಾಗಿರುತ್ತೆ’ ಎಂದು ಸಲಹೆ ಕೊಟ್ಟರು. ಆ ಸೌಲಭ್ಯವನ್ನು ನನ್ನ ಪ್ಯಾಂಟು ಬಿಟ್ಟಿಯಾಗಿ ಕೊಡುತ್ತಿದೆ ಎಂದೆ.

ಪೆಡಲ್ ಅಂದ ಮೇಲೆ ನೆನಪಾಯಿತು. ಎಡಗಡೆಯದು ಒಮ್ಮೆ ಸಡಿಲವಾಯಿತು. ಬಿಚ್ಚಿ, ಗ್ರೀಸ್ ಹಚ್ಚಿ ಹಾಕೋಣ ಎಂದು ಸ್ಪಾನರ್ ಹಿಡಿದು ಎಡಕ್ಕೆ ತಿರುಗಿಸಿದೆ. ಜಪ್ಪಯ್ಯ ಅನ್ನಲಿಲ್ಲ. ಸ್ಪಾನರ್ ಮೇಲೆ ನಿಂತೆ. ಕುಣಿದೆ. ಅರ್ಧ ಗಂಟೆ ಆದ ಮೇಲೆ ಪಕ್ಕದ ಮನೆಯ ಹುಡುಗಿ ಬಂದು, ‘ಅಂಕಲ್, ಎಡಗಡೆ ಪೆಡಲ್‌ಗೆ ತಿರುಪಿನ ಸುತ್ತು ಉಲ್ಟಾ ಇರುತ್ತೆ’ ಅಂದಳು. ತುಳಿಯುವಾಗ ತಾನಾಗಿಯೇ ಕಳಚಿಕೊಳ್ಳದಿರಲಿ ಎಂದು ಹಾಗೆ ಮಾಡಿರುತ್ತಾರಂತೆ. ಬಿಚ್ಚುತ್ತಿದ್ದೇನೆ ಎಂದುಕೊಂಡು ಅರ್ಧ ಗಂಟೆ ಬಿಗಿ ಮಾಡಿದ್ದೆ. ಆ ಪೆಡಲ್ ಇನ್ನು ಈ ಜನ್ಮದಲ್ಲಿ ಕಳಚುವುದಿಲ್ಲ. ಒಂದು ಲೆಕ್ಕಕ್ಕೆ ರಿಪೇರಿ ಆಯಿತು.

1817ರಲ್ಲಿ ಜರ್ಮನಿಯ ಡ್ರೈಸ್ ಎಂಬಾತ ಮಾಡಿದ ಮೊದಲ ಎರಡು ಚಕ್ರದ ಗಾಡಿಗೆ ಪೆಡಲೂ ಇರಲಿಲ್ಲ, ಚೈನೂ ಇರಲಿಲ್ಲ. ಅದರ ಮೇಲೆ ಕೂತು ಎರಡೂ ಕಾಲಿನಲ್ಲಿ ನೆಲ ಒದ್ದುಕೊಂಡು ಹೋಗಬೇಕಿತ್ತು. ಕಾಲು ನೆಲದ ಹತ್ತಿರವೇ. ಪ್ಯಾಂಟು ಸುರಕ್ಷಿತ. ತಿರುಪಿನ ಗೊಂದಲವಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ? 1860ರ ದಶಕದಲ್ಲಿ ಫ್ರಾನ್ಸಿನವರು ಸುಮ್ನೆ ಇರಲಾರದೆ ಪೆಡಲ್ ಸೇರಿಸಿ ನನ್ನನ್ನು ಈ ಗತಿಗೆ ತಂದರು.

ಗಾಳಿಯ ಮೇಲೂ ನನಗೆ ಒಂದು ದೂರಿದೆ. ಬೆನ್ನಿಗೆ ಗಾಳಿ ಇದ್ದ ದಿನ ನನಗೆ ಗಾಳಿಯೇ ಗೊತ್ತಾಗುವುದಿಲ್ಲ. ‘ಪರವಾಗಿಲ್ಲ, ತೊಡೆಗೆ ಬಲ ಬಂದಿದೆ’ ಅಂದುಕೊಳ್ಳುತ್ತೇನೆ. ಎದುರುಗಾಳಿ ಇದ್ದರೆ ಮಾತ್ರ ಅದು ಗಾಳಿಯ ತಪ್ಪು. ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆ ಎಂದು ಸಮಾಧಾನ ಮಾಡುವವರಿದ್ದಾರೆ. ಸಿಗುವುದಿಲ್ಲ. ಗಂಟೆಗೆ 20 ಕಿಲೋಮೀಟರ್ ಹೋಗುವವನಿಗೆ 10 ಕಿಲೋಮೀಟರ್ ಹೋಗಿ ಬರಲು ಒಂದು ಗಂಟೆ ಸಾಕು. ಗಾಳಿಗೆ ಎದುರಾಗಿ ಗಂಟೆಗೆ 10ರಂತೆ ಹೋಗಿ, ಗಾಳಿಯ ಜೊತೆ 30ರಂತೆ ಬಂದ ಅಂದುಕೊಳ್ಳಿ. ಹೋಗಲು ಒಂದು ಗಂಟೆ, ಬರಲು 20 ನಿಮಿಷ. 20 ನಿಮಿಷ ಗಾಳಿಗೆ ಹೋಯಿತು. ತಡವಾಗಿ ಮನೆಗೆ ಬಂದಾಗ ಈ ಲೆಕ್ಕವನ್ನು ಹೇಳಿ ನೋಡಿದ್ದೇನೆ. ಹೆಂಡತಿ ಪೂರ್ತಿ ಕೇಳಿಸಿಕೊಂಡು, ‘ಎಲ್ಲಿ ಬಿದ್ರಿ?’ ಅಂದಳು.

ನಾಯಿಯೊಂದಿಗೆ ಆದದ್ದು ಮಾತ್ರ ನನಗೆ ಹೆಮ್ಮೆಯ ವಿಷಯ. ಒಳದಾರಿಯ ತಿರುವಿನಲ್ಲಿ ಒಂದು ಕಂದು ನಾಯಿ ದಿನಾ ಅಟ್ಟಿಸಿಕೊಂಡು ಬರುತ್ತಿತ್ತು. ಓಡುವುದನ್ನು ಅಟ್ಟುವುದು ಅದರ ಸ್ವಭಾವ, ಇಳಿದು ನಿಂತರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ ಎಂದು ಕೇಳಿದ್ದೆ. ಒಂದು ದಿನ ಧೈರ್ಯ ಮಾಡಿ ನಿಂತೆ. ನಿಂತ ಮೇಲೆ ಏನಾಗಬೇಕೋ ಅದು ಆಯಿತು. ನಾಯಿ ಗಕ್ಕನೆ ನಿಂತಿತು. ನನ್ನನ್ನು ನೋಡಿತು. ಕಿವಿ ಇಳಿಸಿಕೊಂಡಿತು. ತಾನೇನೂ ಮಾಡಿಲ್ಲ ಅನ್ನುವ ಹಾಗೆ ಸುತ್ತಮುತ್ತ ನೋಡಿ, ಬೇರೆ ಎಲ್ಲೋ ಅರ್ಜೆಂಟ್ ಕೆಲಸ ಇರುವವರಂತೆ ಹೊರಟು ಹೋಯಿತು. ಅವತ್ತಿನಿಂದ ನನ್ನನ್ನು ಕಂಡರೆ ಮುಖ ಬೇರೆ ಕಡೆ ತಿರುಗಿಸುತ್ತದೆ.

ನಿನ್ನೆ ಎಲ್ಲವೂ ಸರಿಹೋಯಿತು. ಪ್ಯಾಂಟು ಮಡಚಿದ್ದೆ. ಗಾಳಿ ಹೊಡೆದಿದ್ದೆ. ಕಲ್ಲನ್ನು ನೋಡಲಿಲ್ಲ. ಅಜ್ಜ ಸಿಕ್ಕಿದರು, ನನ್ನನ್ನು ದೂರದಿಂದ ಗುರುತು ಹಿಡಿದು ತಾವೇ ಪಕ್ಕಕ್ಕೆ ಸರಿದು ನಿಂತರು. ‘ನೀನು ನಿಲ್ಲಬೇಡ, ಹೋಗು ಹೋಗು’ ಎಂದು ಕೈ ಬೀಸಿದರು. ಮನೆ ತಲುಪಿದೆ. ಇಳಿದೆ, ಎರಡೂ ಕಾಲು ನೆಲದ ಮೇಲೆ. ಸ್ಟ್ಯಾಂಡ್ ಹಾಕಿ, ಒಳಗೆ ಹೋಗಿ ಶೂ ಬಿಚ್ಚುತ್ತಿದ್ದೆ. ಅಂಗಳದ ಮಣ್ಣು ಒದ್ದೆಯಾಗಿತ್ತೆಂದು ಕಾಣುತ್ತದೆ, ಸ್ಟ್ಯಾಂಡು ಮೆಲ್ಲಗೆ ಇಳಿದಿರಬೇಕು. ಹೊರಗೆ ಧಡಾರ್ ಎಂದು ಸದ್ದಾಯಿತು. ಹಿಂದೆಯೇ ಟಿಣ್.

‘ರೀ, ಯಾರು ಬಿದ್ದಿದ್ದು?’ ಒಳಗಿನಿಂದ ಹೆಂಡತಿ ಕೂಗಿದಳು. ‘ನೀವಾ, ಸೈಕಲ್ಲಾ?’

‘ಸೈಕಲ್ಲು.’

‘ಅಯ್ಯೋ, ಪಾಪ! ಏನೂ ಆಗಿಲ್ಲ ತಾನೆ ಅದಕ್ಕೆ?’