ಸಕಾರಕ್ಕೆ ಹಕಾರಾದೇಶ

ಹಳಗನ್ನಡದ ಪಕಾರ ನಡುಗನ್ನಡಕ್ಕೆ ಬರುವಷ್ಟರಲ್ಲಿ ಹಕಾರವಾಯಿತು, ಪಾಲು ಹಾಲಾಯಿತು, ಪುಲಿ ಹುಲಿಯಾಯಿತು ಎಂದು ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳ ತಲೆಗೆ ತುಂಬಿದ ಕನ್ನಡ ಮೇಷ್ಟ್ರು ನಾನು. ಸಕಾರವೂ ಹಕಾರವಾಗಬಹುದು ಎಂದು ನಾನು ಓದಿದ ಯಾವ ವ್ಯಾಕರಣವೂ ಹೇಳಿರಲಿಲ್ಲ. ಅದನ್ನು ಸಾಧಿಸಿ ತೋರಿಸಿದ್ದು ನನ್ನ ಎರಡು ಕಿವಿಗಳು, ಅದೂ ರಿಟೈರಾದ ಮೇಲೆ.

ಶುರುವಾದದ್ದು ಚಿಲ್ಲರೆಯಾಗಿ. ಇವಳು ಅಡುಗೆಮನೆಯಿಂದ "ರೀ, ಸೊಪ್ಪು ತನ್ನಿ" ಅಂದಳು. ನಾನು ಉಪ್ಪು ತಂದೆ. ಮಾರನೆಯ ವಾರವೂ ಉಪ್ಪೇ. ಮೂರನೆಯ ಪ್ಯಾಕೆಟ್ಟು ಕಂಡಾಗ "ನಂಗೆ ಸಿಟ್ಟು ಬರ್ತಿದೆ" ಅಂದಳು. "ಹಿಟ್ಟು ಬರ್ತಿದ್ಯಾ? ಮಿಲ್ಲಿಂದ ಯಾರು ತರ್ತಿದಾರೆ?" ಅಂತ ನಾನು ಗೇಟಿನ ಕಡೆ ನೋಡಿದೆ. ಊಟಕ್ಕೆ ಬಡಿಸುವಾಗಲಂತೂ ಕೇಳಲೇಬೇಡಿ. ಅವಳ ಮಂಡಿನೋವು ಹೆಚ್ಚಾದ ಮೇಲೆ ಬಡಿಸುವ ಕೆಲಸ ನನ್ನದಾಗಿತ್ತು. ಅವಳು ಕೈ ಅಡ್ಡ ಇಟ್ಟು "ಸಾಕು, ಸಾಕು" ಅನ್ನುವುದು, ನನಗೆ "ಹಾಕು, ಹಾಕು" ಅಂತ ಕೇಳಿ ನಾನು ಇನ್ನೊಂದು ಸೌಟು ಸುರಿಯುವುದು. ಪಾಪ, ಬೆರಳ ಸಂದಿಯಲ್ಲೆಲ್ಲ ಸಾರು.

ಇಷ್ಟಾದರೂ ಕಿವಿ ನನ್ನದು ಕೆಟ್ಟಿದೆ ಎಂದು ನಾನು ಒಪ್ಪಲಿಲ್ಲ. ಇವಳಿಗೆ ವಯಸ್ಸಾಗಿದೆ, ಮಾತು ಬಾಯೊಳಗೇ ಉಳಿಯುತ್ತೆ ಎಂದು ತೀರ್ಮಾನಿಸಿದ್ದೆ. ಅವಳ ತೀರ್ಮಾನ ಬೇರೆ. "ಕುಕ್ಕರಹಳ್ಳಿ ಕೆರೆ ಗೆಳೆಯರು ಫೋನಲ್ಲಿ ಮಾತಾಡಿದ್ರೆ ಪ್ರತಿ ಅಕ್ಷರ ಕೇಳುತ್ತೆ, ನಾನು ಮಾತಾಡಿದ್ರೆ ಮಾತ್ರ ಕಿವುಡು." ಅದೂ ನಿಜವೇ. ಗೆಳೆಯರದು ಗಂಡಸರ ದಪ್ಪ ದನಿ, ಜೊತೆಗೆ ಅವರ ಕಿವಿಗಳೂ ಅಷ್ಟಕ್ಕಷ್ಟೆ, ಹಾಗಾಗಿ ಎಲ್ಲರೂ ಕೂಗಿಯೇ ಮಾತಾಡುತ್ತೇವೆ. ನಾವು ಶುಗರ್ ಎಷ್ಟು ಬಂತು ಎಂದು ವಿಚಾರಿಸಿಕೊಂಡರೆ ಕೆರೆಯ ಹೆಜ್ಜಾರ್ಲೆಗಳು ಇನ್ನೊಂದು ದಡಕ್ಕೆ ಹೋಗಿ ಕೂರುತ್ತವೆ.

ಬರಬರುತ್ತಾ ನಮ್ಮ ಮನೆಯ ಸಂಭಾಷಣೆ ಎರಡೇ ವಾಕ್ಯಕ್ಕೆ ಇಳಿಯಿತು. ನಾನು: "ಏನಂದೆ?" ಅವಳು: "ಏನಿಲ್ಲ ಬಿಡಿ." ಈ 'ಏನಿಲ್ಲ ಬಿಡಿ'ಯಲ್ಲಿ ಸಕಾರವೇ ಇಲ್ಲ ನೋಡಿ, ಅದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ಹೀಗಿರುವಾಗ ಯುಗಾದಿ ಬಂತು. ಮೇ ಕೊನೆಗೆ ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬುವುದಿತ್ತು. ಇವಳು ಒಬ್ಬಟ್ಟು ತಟ್ಟುತ್ತಾ, ನನ್ನ ಕಡೆ ಬೆನ್ನು ಮಾಡಿಕೊಂಡು, ಒಂದು ಮಾತು ಹೇಳಿದಳು. ನನಗೆ ಕೇಳಿದ್ದು ಹೀಗೆ: "ಈ ವರ್ಷ ಒಂದು ಹೀರೆ ಹಾಕು, ಬೇರೇನೂ ಬೇಡ."

ನಾನು ಪೇಪರು ಮಡಚಿಟ್ಟೆ. ಹೀರೆ ಹಾಕುವುದು ದೊಡ್ಡ ವಿಷಯವಲ್ಲ. ಹಿತ್ತಲಿನಲ್ಲಿ ಹೋದ ವರ್ಷ ತೊಂಡೆ ಬಳ್ಳಿ ಹಬ್ಬಿಸಿದ್ದೆ, ಚಪ್ಪರ ಹಾಗೇ ಇತ್ತು. ನನ್ನನ್ನು ಅಲ್ಲಾಡಿಸಿದ್ದು ಆ 'ಹಾಕು'. ನಲವತ್ತು ವರ್ಷ 'ರೀ, ಬನ್ನಿ, ಹೋಗಿ, ಏನೂಂದ್ರೆ' ಅಂದವಳು ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದಿದ್ದಳು! ನಮ್ಮ ಮಗ ಸೊಸೆ 'ಬಾರೋ ಹೋಗೇ' ಅಂದುಕೊಳ್ಳುವುದನ್ನು ಕಂಡು ಹೊರಗೆ ಮುಖ ಗಂಟು ಹಾಕಿದರೂ ಒಳಗೆ ನನಗೊಂದು ಆಸೆ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಅವತ್ತು ಒಬ್ಬಟ್ಟು ನಾಲ್ಕು ತಿಂದೆ. ಶುಗರ್ ಸಂಗತಿ ಕೆರೆ ಗೆಳೆಯರಿಗೆ ಹೇಳಲಿಲ್ಲ.

ಮಾರನೆಯ ದಿನವೇ ಬೀಜ ಊರಿದೆ. ಹೀರೆಗೆ ಬೀಜದಿಂದ ಕಾಯಿಗೆ ಹೆಚ್ಚುಕಮ್ಮಿ ಎರಡು ತಿಂಗಳು, ಲೆಕ್ಕ ಸರಿಯಾಗಿ ಮದುವೆ ದಿನಕ್ಕೆ ಕೂರುತ್ತಿತ್ತು. ಗೊಬ್ಬರ, ನೀರು, ಸಂಜೆ ಹಳದಿ ಹೂ ಅರಳುವಾಗ ಪಕ್ಕದಲ್ಲಿ ಕುರ್ಚಿ. ಅವಳಿಗೆ ಆಗಾಗ ಭರವಸೆಯನ್ನೂ ಕೊಡುತ್ತಿದ್ದೆ. "ನೀನು ಹೇಳಿದ್ದು ಮರೆತಿಲ್ಲ. ತಯಾರಾಗ್ತಾ ಇದೆ."

ಅವಳ ಮುಖ ಇಷ್ಟಗಲವಾಯಿತು. "ಬಣ್ಣ?" ಅಂದಳು.

"ಹಸಿರು. ಮತ್ತಿನ್ಯಾವುದು?"

"ಅಂಚು?"

"ಹಂಚೋಣ, ಅದಕ್ಕೇನಂತೆ! ಬೇಕಾದಷ್ಟು ಬರುತ್ತೆ."

ಅವಳು ಒಂದು ಗಳಿಗೆ ಕಣ್ಣು ಬಿಟ್ಟುಕೊಂಡು ನಿಂತಳು. ಆಮೇಲೆ ರೂಮಿಗೆ ಹೋಗಿ ನನ್ನ ತಂಗಿಯರಿಬ್ಬರಿಗೂ ಫೋನು ಮಾಡಿದಳಂತೆ. "ನಿಮ್ಮಣ್ಣಂಗೆ ಈ ವಯಸ್ಸಲ್ಲಿ ಬುದ್ಧಿ ಬಂದಿದೆ ಕಣ್ರೇ, ನಿಮಗೂ ಕೊಡ್ತಾರಂತೆ, ಬನ್ನಿ." ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಆ ಹೊತ್ತಿಗೆ ಅವರಲ್ಲಿ ಒಬ್ಬಳಾದರೂ ನೆನೆಸಿಕೊಳ್ಳಬಾರದಿತ್ತೇ?

ಮೇ ತಿಂಗಳ ಆ ಬೆಳಿಗ್ಗೆ ತಂಗಿಯರು ಬಂದರು, ಮಂಡ್ಯದಿಂದ ಒಬ್ಬಳು, ಕುವೆಂಪುನಗರದಿಂದ ಒಬ್ಬಳು. ಇವಳು ತಲೆಗೆ ನೀರೆರೆದುಕೊಂಡು, ಮೈಸೂರು ಮಲ್ಲಿಗೆ ಮುಡಿದು ಕೂತಿದ್ದಳು. ನಾನು ಹಿತ್ತಲಿಂದ ಬೆಳ್ಳಿ ತಟ್ಟೆಯಲ್ಲಿ, ವೀಳ್ಯದೆಲೆ ಹಾಸಿ, ಅದರ ಮೇಲೆ ಒಂದೂವರೆ ಅಡಿ ಉದ್ದದ ಮೂರು ಎಳೆ ಹೀರೆಕಾಯಿ ಇಟ್ಟುಕೊಂಡು ಬಂದೆ. ಕುಂಕುಮ ಬೇರೆ ಹಚ್ಚಿದ್ದೆ.

ಆಮೇಲಿನ ಅರ್ಧ ಗಂಟೆಯಲ್ಲಿ ನನಗೆ ಎಲ್ಲ ಮಾತೂ ಕೇಳಿತು. "ಒಂದು ಸೀರೆ ಸಾಕು ಅಂದಿದ್ದು ರೀ! ಸೀರೆ! ಸೀರೆ!" ಮಂಡ್ಯದ ತಂಗಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಕೊನೆಗೆ ಒಂದು ಹೀರೆಕಾಯಿ ಬ್ಯಾಗಿಗೆ ಹಾಕಿಕೊಂಡಳು. ಇವಳು ಮಾತ್ರ ನಗಲಿಲ್ಲ. ಸಿಪ್ಪೆ ಹೆರೆದು ಚಟ್ನಿಗಿಟ್ಟಳು, ತಿರುಳಿಗೆ ಬೇಳೆ ಹಾಕಿ ತೊವ್ವೆ ಮಾಡಿದಳು. ತೊವ್ವೆ ಚೆನ್ನಾಗಿತ್ತು. ಹೇಳುವ ಧೈರ್ಯವಾಗಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಅವಳು ಏನೋ ಅಂದಳು. ನಾನು "ಏನಂದೆ?" ಅಂದೆ. "ಏನಿಲ್ಲ ಬಿಡಿ."

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮೂರಲ್ಲೇ ಇದೆ. ದೇಶದ ಎಲ್ಲೆಲ್ಲಿಂದಲೋ ಜನ ಕಿವಿ ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆ. ಸರಸ್ವತಿಪುರಂನ ನಮ್ಮ ಮನೆಯಿಂದ ನಡೆದು ಹೋಗುವ ದೂರ. ನನಗೆ ತಲುಪಲು ಆರು ವರ್ಷ ಹಿಡಿಯಿತು. ಕಾರಣ ಇಷ್ಟೆ: ಕಣ್ಣಿಗೆ ಚಾಳೀಸು ಹಾಕಿದರೆ ವಿದ್ವಾಂಸ ಅನ್ನುತ್ತಾರೆ, ಕಿವಿಗೆ ಮೆಷೀನು ಹಾಕಿದರೆ ಕೆಪ್ಪ ಅನ್ನುತ್ತಾರೆ. ಚಾಳೀಸು ಅಂದರೆ ನಲವತ್ತು, ವಯಸ್ಸನ್ನು ಹೆಸರಲ್ಲೇ ಕೂಗಿ ಹೇಳುವ ಕನ್ನಡಕ. ಅದಕ್ಕಿಲ್ಲದ ನಾಚಿಕೆ ಇದಕ್ಕೆ ಯಾಕೋ.

ಸದ್ದೇ ನುಗ್ಗದ ಒಂದು ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, "ಸದ್ದು ಕೇಳಿದಾಗೆಲ್ಲ ಬೆರಳೆತ್ತಿ ಅಂಕಲ್" ಎಂದಳು ನನ್ನ ಮೊಮ್ಮಗಳಂಥ ಹುಡುಗಿ. ಗಾಜಿನ ಆಚೆ ಇವಳು ಅವಳ ಪಕ್ಕದಲ್ಲೇ ಕೂತಳು. ಮೊದಮೊದಲು ಬೆರಳು ಚಕಚಕ ಮೇಲೆ ಹೋಯಿತು. ಆಮೇಲೆ ಮೌನ. ಹುಡುಗಿ ಏನೋ ಒತ್ತುತ್ತಿದ್ದಾಳೆ, ನನಗೆ ಏನೂ ಇಲ್ಲ. ಆಗ ಗಾಜಿನಾಚೆ ಇವಳು ಮೆಲ್ಲಗೆ ತಲೆ ಆಡಿಸುವುದು ಕಂಡಿತು. ಹುಡುಗಿ ಒತ್ತಿದಾಗೆಲ್ಲ ತಲೆ ಆಡಿಸಿ ನನಗೆ ಸನ್ನೆ ಮಾಡುತ್ತಿದ್ದಾಳೆ! ಮೂವತ್ತೊಂದು ವರ್ಷ ಕಾಪಿ ಹೊಡೆಯುವವರನ್ನು ಹಿಡಿದ ನಾನು ನಾಚಿಕೆಯಿಲ್ಲದೆ ಅವಳನ್ನು ನೋಡಿ ನೋಡಿ ಬೆರಳೆತ್ತಿದೆ. ನಾಲ್ಕನೆಯದಕ್ಕೆ ಸಿಕ್ಕಿಬಿದ್ದೆವು. "ಆಂಟಿ, ನೀವು ಹೇಳಿಕೊಡಬೇಡಿ" ಅಂತ ಹುಡುಗಿ ಇವಳನ್ನು ಹೊರಗೆ ಬೆಂಚಿಗೆ ಕಳಿಸಿದಳು.

ಕೈಗೆ ಬಂದ ನಕ್ಷೆಯ ಗೆರೆ ಚಾಮುಂಡಿ ಬೆಟ್ಟದ ಮೆಟ್ಟಿಲ ಹಾಗೆ ಬಲಗಡೆಗೆ ಇಳಿಯುತ್ತಾ ಹೋಗಿತ್ತು. ಹುಡುಗಿ ಬಿಡಿಸಿ ಹೇಳಿದಳು. ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಒಂದು ಭಾಗವಿದೆ, ಅದರಲ್ಲಿ ಕೂದಲಿನಂಥ ಎಳೆಗಳ ಜೀವಕೋಶಗಳಿವೆ. ಬಾಗಿಲ ಹತ್ತಿರ ಇರುವವು ಏರುಶ್ರುತಿಯ ಸದ್ದು ಹಿಡಿಯುತ್ತವೆ, ವಯಸ್ಸಾದಂತೆ ಮೊದಲು ಹೋಗುವುದೂ ಅವೇ, ಹೋದದ್ದು ಮತ್ತೆ ಹುಟ್ಟುವುದಿಲ್ಲ. ಸ, ಶ ಇವೆಲ್ಲ ಏರುಶ್ರುತಿಯ, ಮೆಲುವಾದ ಸದ್ದುಗಳು. ಸ್ವರಗಳು ಕೆಳಶ್ರುತಿಯವು, ಅವು ಉಳಿಯುತ್ತವೆ. ಹಾಗಾಗಿ ಯಾರೋ ಮಾತಾಡಿದ್ದು ಕೇಳುತ್ತದೆ, ಏನು ಎಂಬುದು ಜಾರುತ್ತದೆ. ಹೆಂಗಸರ ದನಿ ಇನ್ನೂ ಕಷ್ಟ.

"ಅಂದ್ರೆ ಇವರು ಬೇಕಂತ ಮಾಡ್ತಿರ್ಲಿಲ್ವಾ?" ಇವಳು ಬೆಂಚಿನಿಂದ ಎದ್ದು ಬಂದಿದ್ದಳು.

"ಇಲ್ಲ ಆಂಟಿ. ಕೂಗಬೇಡಿ, ಕೂಗಿದ್ರೆ ಪ್ರಯೋಜನ ಇಲ್ಲ. ಎದುರಿಗೆ ಬಂದು, ಮುಖ ನೋಡಿ, ನಿಧಾನವಾಗಿ ಮಾತಾಡಿ."

ಇವಳು ಅಲ್ಲೇ, ಆ ಹುಡುಗಿಯ ಮುಂದೆಯೇ, ನನ್ನ ಎದುರಿಗೆ ಬಂದು ನಿಂತು ಮುಖ ನೋಡಿದಳು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. "ರೀ, ನಿಮ್ಮ ಹುಬ್ಬು ಯಾವಾಗ ಬೆಳ್ಳಗಾಯ್ತು?"

ಮೆಷೀನು ಬಂದ ಮೊದಲ ದಿನ ಮನೆ ತುಂಬಾ ಗಲಾಟೆ. ಪೇಪರು ತಿರುವಿದರೆ ಬೆಂಕಿ ಹತ್ತಿದಂತೆ. ನಲ್ಲಿ ತೊಟ್ಟಿಕ್ಕುತ್ತಿತ್ತು, ಯಾವ ಕಾಲದಿಂದಲೋ. ಇವಳು ಏಳುವಾಗ ಮಂಡಿ ಲಟಲಟ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಎದ್ದು ನಿಂತು "ಉಸ್ಸಪ್ಪಾ" ಅಂದಳು. ಇಷ್ಟು ವರ್ಷ ಅದು ನನಗೆ "ಅಪ್ಪಾ" ಎಂದು ಕೇಳುತ್ತಿತ್ತು. ವಯಸ್ಸಾದಂತೆ ತವರು ಬಹಳ ನೆನಪಾಗುತ್ತಿದೆ ಪಾಪ ಎಂದುಕೊಂಡು ಸುಮ್ಮನಿದ್ದೆ. ಮಂಡಿಗೆ ತೈಲ ಬೇಕಿತ್ತು, ಅಷ್ಟೆ.

ಸೀರೆಗೆ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಗೇ ಹೋದೆವು. 1912ರಲ್ಲಿ ನಾಲ್ವಡಿಯವರು ಶುರು ಮಾಡಿಸಿದ್ದು. ಅಲ್ಲಿ ಬೆಲೆ ಕೇಳಿದಾಗ ಒಂದು ಗಳಿಗೆ ಮೆಷೀನು ತೆಗೆದು ಜೇಬಿಗಿಟ್ಟುಕೊಳ್ಳೋಣ ಅನ್ನಿಸಿದ್ದು ಸುಳ್ಳಲ್ಲ. ಬಣ್ಣ ಅವಳೇ ಆರಿಸಿದಳು: ಎಳೆ ಹೀರೆಕಾಯಿ ಹಸಿರು.

ಮೊನ್ನೆ ಭಾನುವಾರ ಅದನ್ನುಟ್ಟು ಊಟಕ್ಕೆ ಕೂತಿದ್ದಳು. ಬಳ್ಳಿಯಲ್ಲಿ ಕೊನೆಯ ಎರಡು ಕಾಯಿ ಉಳಿದಿದ್ದವು, ತೊವ್ವೆಯಾಗಿತ್ತು. ನಾನು ಸೌಟು ಹಿಡಿದು ನಿಂತೆ. ಒಂದು ಸೌಟು ಬಡಿಸಿ, ಅವಳ ಕೈ ಅಡ್ಡ ಬರುವುದನ್ನು ಕಾದೆ. ಬರಲಿಲ್ಲ. ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಾ ನಿಧಾನವಾಗಿ ಹೇಳಿದಳು.

"ಹಾಕು."

ಮೆಷೀನು ಕಿವಿಯಲ್ಲೇ ಇತ್ತು. ಬ್ಯಾಟರಿ ಬೆಳಿಗ್ಗೆಯಷ್ಟೇ ಬದಲಾಯಿಸಿದ್ದೆ. ಆದರೂ "ಏನಂದೆ?" ಅಂತ ಕೇಳಲು ಹೋಗಲಿಲ್ಲ. ಇನ್ನೊಂದು ಸೌಟು ಹಾಕಿದೆ.